ಮೆಟ್ರೊ ಮೆಟ್ಟಿಲಿನಿಂದ ಪಿಜಿ ಗೇಟಿನವರೆಗೆ: ನಮ್ಮ ವಾರ್ಡಿನ ಇಂಜಿನಿಯರ್ ಸಾಹೇಬರಿಗೆ ಒಂದು ಬಹಿರಂಗ ಪತ್ರ

ನಮಸ್ಕಾರ ಸರ್,

ನಿಮ್ಮ ಆಫೀಸಿಗೆ ಮೂರು ಸಲ ಬಂದಿದ್ದೆ. ಮೂರು ಸಲವೂ ನಿಮ್ಮ ಕುರ್ಚಿಯ ಬೆನ್ನಿಗೆ ಬಿಳಿ ಟರ್ಕಿ ಟವೆಲ್ ಇತ್ತು, ನೀವಿರಲಿಲ್ಲ. "ಸಾಹೇಬ್ರು ಸೈಟ್ ಮೇಲೆ ಹೋಗಿದ್ದಾರೆ" ಅಂದರು ಪಕ್ಕದ ಟೇಬಲ್ಲಿನವರು. ಅದರಲ್ಲಿ ಬೇಜಾರಿಲ್ಲ. ರಸ್ತೆ ನೋಡಿಕೊಳ್ಳುವವರು ರಸ್ತೆ ಮೇಲೇ ಇರಬೇಕು. ಆದರೆ ನೀವು ರಸ್ತೆಯಲ್ಲಿರುವಾಗ ನಾನು ಕೆಲಸದಲ್ಲಿರುತ್ತೇನೆ, ನಾನು ರಸ್ತೆಯಲ್ಲಿರುವಾಗ ನೀವು ಮನೆಯಲ್ಲಿರುತ್ತೀರಿ. ನಾವಿಬ್ಬರೂ ಒಂದೇ ರಸ್ತೆಯನ್ನು ನೋಡಿದ್ದೇವೆ ಅಂತ ನನಗೆ ಅನ್ನಿಸುವುದಿಲ್ಲ. ಅದಕ್ಕೇ, ಆ ರಸ್ತೆಯ ಉರಿಯದ ಬೀದಿ ದೀಪಗಳ ಬಗ್ಗೆ ಬರೆಯುತ್ತಿದ್ದೇನೆ.

ಹೆಸರು ಹಾಕಿಲ್ಲ, ಕ್ಷಮಿಸಿ. ಒಬ್ಬಂಟಿ ಹುಡುಗಿ ತಾನು ಯಾವ ಕ್ರಾಸಿನಲ್ಲಿ, ಎಷ್ಟು ಗಂಟೆಗೆ, ಒಬ್ಬಳೇ ನಡೆದು ಬರುತ್ತಾಳೆ ಅಂತ ಊರಿಗೆಲ್ಲ ಡಂಗುರ ಹೊಡೆಯುವುದು ಜಾಣತನ ಅಲ್ಲ, ಅಲ್ವಾ? ಕನಕಪುರ ರಸ್ತೆ ಕಡೆ, ಹಸಿರು ಮಾರ್ಗದ ಒಂದು ಸ್ಟೇಷನ್ ಅಂದುಕೊಳ್ಳಿ. ಕಂಬದ ನಂಬರ್, ಕ್ರಾಸು, ನನ್ನ ಫೋನು ಎಲ್ಲ ನಿಮ್ಮ ಆಫೀಸಿನಲ್ಲಿ ಕೊಟ್ಟ ಅರ್ಜಿಯಲ್ಲಿದೆ. ಅರ್ಜಿ ಸಿಗದಿದ್ದರೆ ಹೇಳಿ, ಸೀಲು ಹಾಕಿಸಿಕೊಂಡ ಜೆರಾಕ್ಸ್ ಇಟ್ಟುಕೊಂಡಿದ್ದೇನೆ.

ನನ್ನ ಬಗ್ಗೆ ಜಾಸ್ತಿ ಹೇಳುವಂಥದ್ದೇನೂ ಇಲ್ಲ. ವಯಸ್ಸು 26. ಊರು ತಿಪಟೂರಿನ ಹತ್ತಿರ ಒಂದು ಹಳ್ಳಿ. ಜಯನಗರ ಕಡೆ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ನಾಲ್ಕು ವರ್ಷದಿಂದ ಇಲ್ಲಿದ್ದೇನೆ. ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಎರಡನೇ ಪಾಳಿ. ಎರಡನೇ ಪಾಳಿ ಮುಗಿಸಿ ಮೆಟ್ರೊ ಇಳಿಯುವಾಗ ಒಂಬತ್ತೂವರೆ ದಾಟಿರುತ್ತದೆ. ಸ್ಟೇಷನ್ನಿನ ಮೆಟ್ಟಿಲಿನಿಂದ ನನ್ನ ಪಿಜಿ ಗೇಟಿಗೆ ಹನ್ನೊಂದು ನಿಮಿಷದ ದಾರಿ. ಬೇಗ ನಡೆದರೆ ಒಂಬತ್ತು. ನಾನು ಯಾವಾಗಲೂ ಬೇಗ ನಡೆಯುತ್ತೇನೆ, ಆದರೂ ಅದು ಹನ್ನೊಂದು ನಿಮಿಷವೇ, ಯಾಕೆಂದರೆ ಎರಡು ಕಡೆ ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿಯಬೇಕು. ಮತ್ತೊಂದು ಕಡೆ ಚಪ್ಪಡಿ ಅಲ್ಲಾಡುತ್ತದೆ. ಅದರ ಮೇಲೆ ಕಾಲಿಟ್ಟರೆ 'ಟಕ್' ಅಂತ ಸದ್ದು ಬರುತ್ತದೆ, ಕೆಳಗೆ ಮೋರಿ.

ಆ ಹನ್ನೊಂದು ನಿಮಿಷದ ಬಗ್ಗೆ ಮಾತ್ರ ನನ್ನ ಅಹವಾಲು.

ಮೊದಲು ದಾರಿ ಹೇಗಿದೆ ಅಂತ ಹೇಳಿಬಿಡುತ್ತೇನೆ. ಸ್ಟೇಷನ್ ಕೆಳಗೆ ಬೆಳಕಿಗೇನೂ ಕಮ್ಮಿಯಿಲ್ಲ. ಹಗಲಿನ ಹಾಗಿರುತ್ತದೆ. ಎಳನೀರು ಗಾಡಿ, ಹೂವಿನವರು, ಆಟೊಗಳು. ಮುಖ್ಯರಸ್ತೆ ಬಿಟ್ಟು ಎಡಕ್ಕೆ ತಿರುಗಿದರೆ ಕಾಂಡಿಮೆಂಟ್ಸ್, ಮೆಡಿಕಲ್ ಸ್ಟೋರು, ಒಂದು ಮೊಬೈಲ್ ರೀಚಾರ್ಜ್ ಅಂಗಡಿ. ಒಂಬತ್ತೂವರೆಗೆ ಮೆಡಿಕಲ್ ಸ್ಟೋರಿನವರು ಅರ್ಧ ಶಟರ್ ಎಳೆದಿರುತ್ತಾರೆ. ಅಲ್ಲಿಂದ ಬಲಕ್ಕೆ ತಿರುಗಿದ ಮೇಲೆ ನಮ್ಮ ಕ್ರಾಸು. ಒಂದು ಪಕ್ಕ ಖಾಲಿ ಸೈಟು, ಎದೆಮಟ್ಟ ಬೆಳೆದ ಔಡಲ ಗಿಡ, ಯಾರೋ ತಂದು ಸುರಿದ ಸಿಮೆಂಟ್ ಇಟ್ಟಿಗೆ. ಇನ್ನೊಂದು ಪಕ್ಕ ಹೊಂಗೆ ಮರಗಳು. ಆಮೇಲೆ ಟ್ರಾನ್ಸ್‌ಫಾರ್ಮರ್. ಅದಾದ ಮೇಲೆ ಎರಡು ಅಪಾರ್ಟ್‌ಮೆಂಟು, ಅವುಗಳ ಉದ್ದನೆಯ ಕಾಂಪೌಂಡ್ ಗೋಡೆ. ಗೋಡೆಯ ಒಳಗೆಲ್ಲ ಬೆಳಕು, ಹೊರಗೆ ಏನೂ ಇಲ್ಲ. ಗೋಡೆ ಮುಗಿದರೆ ನಮ್ಮ ಪಿಜಿ.

ತಿರುವಿನಿಂದ ಗೇಟಿನವರೆಗೆ ಹದಿನಾಲ್ಕು ಕಂಬಗಳಿವೆ. ಹಾಸಿಗೆ ಪಕ್ಕ ನೇತುಹಾಕಿದ ಬ್ಯಾಂಕಿನ ಕ್ಯಾಲೆಂಡರ್‌ನಲ್ಲಿ ದಿನಾ ಎಷ್ಟು ದೀಪ ಉರಿದವು ಅಂತ ಬರೆದಿಡುತ್ತೇನೆ. ಅಮಾವಾಸ್ಯೆ, ಸಂಕಷ್ಟಿ ಪಕ್ಕದಲ್ಲೇ ಪೆನ್ಸಿಲ್ಲಿನಲ್ಲಿ 5, 4, 5, 6, 3. ಒಂದೇ ಒಂದು ದಿನ 9 ಇದೆ. ಅವತ್ತು ಯಾರೋ ದೊಡ್ಡವರು ಪಕ್ಕದ ಪಾರ್ಕ್ ಉದ್ಘಾಟನೆಗೆ ಬರುವವರಿದ್ದರು.

ಈಗ ನೀವು ಕೇಳಬಹುದು, ಅಲ್ಲಿ ನಿನಗೇನಾಯ್ತಮ್ಮ ಅಂತ. ನಿಮ್ಮ ಆಫೀಸಿನಲ್ಲೂ ಅದನ್ನೇ ಕೇಳಿದರು. "ಏನಾದ್ರೂ ಇನ್ಸಿಡೆಂಟ್ ಆಗಿದ್ಯಾ?" ಇಲ್ಲ ಸರ್. ಏನೂ ಆಗಿಲ್ಲ. ಒಂದು ಸಲ ಸ್ಕೂಟರ್‌ನವನೊಬ್ಬ ನಿಧಾನ ಮಾಡಿ "ಡ್ರಾಪ್ ಬೇಕಾ ಮೇಡಂ?" ಅಂದ. ಬೇಡ ಅಂದೆ, ಹೋದ. ಮುಂದಿನ ತಿರುವಿನಲ್ಲಿ ಗಾಡಿ ನಿಲ್ಲಿಸಿಕೊಂಡು ಫೋನ್ ನೋಡುತ್ತಾ ನಿಂತಿದ್ದ. ನಿಜವಾಗಿ ಫೋನೇ ನೋಡುತ್ತಿದ್ದನೇನೋ, ನನಗೇನು ಗೊತ್ತು? ವಾಪಸ್ ಹೋಗಿ ಮೆಡಿಕಲ್ ಸ್ಟೋರಿನ ಅರ್ಧ ಶಟರ್ ಕೆಳಗೆ ನಿಂತು ಕ್ರೋಸಿನ್ ತೊಗೊಂಡೆ. ತಲೆನೋವು ಇರಲಿಲ್ಲ. ಇದನ್ನು ಇನ್ಸಿಡೆಂಟ್ ಅಂತ ಯಾವ ಪುಸ್ತಕದಲ್ಲಿ ಬರೆಯುತ್ತಾರೆ?

112ಕ್ಕೆ ಫೋನ್ ಮಾಡಿದರೆ ಪೊಲೀಸರ ಹೊಯ್ಸಳ ಗಾಡಿ ಬರುತ್ತದೆ, ಗೊತ್ತು. ಆದರೆ ಏನಂತ ಹೇಳಲಿ? "ಸರ್, ಕತ್ತಲಾಗಿದೆ, ಬನ್ನಿ" ಅಂತಲಾ?

ನಮ್ಮ ಲ್ಯಾಬಿನಲ್ಲಿ ಒಂದು ಪದ್ಧತಿ ಇದೆ. ಸ್ಯಾಂಪಲ್ ಬಂದಿರುತ್ತದೆ, ಆದರೆ ಯಾವುದೋ ಕಾರಣಕ್ಕೆ ಟೆಸ್ಟ್ ಆಗಿರುವುದಿಲ್ಲ. ರಕ್ತ ಹೆಪ್ಪುಗಟ್ಟಿರಬಹುದು, ಟ್ಯೂಬಿನಲ್ಲಿ ಸಾಕಷ್ಟು ಇರದೇ ಇರಬಹುದು. ಅಂಥ ಸ್ಯಾಂಪಲ್ಲಿಗೆ ನಾವು 'ನಾರ್ಮಲ್' ಅಂತ ಬರೆಯುವುದಿಲ್ಲ. ಹಾಗೆ ಬರೆದರೆ ಅವತ್ತೇ ಕೆಲಸ ಹೋಗುತ್ತದೆ. ಆದರೆ ನಮ್ಮ ರಸ್ತೆಗೆ ಎಲ್ಲರೂ ನಾರ್ಮಲ್ ಅಂತಲೇ ರಿಪೋರ್ಟ್ ಕೊಡುತ್ತಿದ್ದಾರೆ. ಕಂಪ್ಲೇಂಟ್ ಇಲ್ಲ, ಕೇಸ್ ಇಲ್ಲ, ಹಾಗಾದರೆ ತೊಂದರೆ ಇಲ್ಲ. ಏನೂ ಆಗದೇ ಇರಲಿ ಅಂತ ನಾವು ದಿನಾ ಏನೇನು ಮಾಡುತ್ತೇವೆ ಅನ್ನುವುದನ್ನು ಯಾರೂ ಟೆಸ್ಟ್ ಮಾಡಿ ನೋಡಿಲ್ಲ.

ನಾನೇ ಹೇಳುತ್ತೇನೆ ಕೇಳಿ.

ಎರಡನೇ ಪಾಳಿಯ ವಾರ ಮಧ್ಯಾಹ್ನ ಹೊರಡುವಾಗಲೇ ರಾತ್ರಿಯ ಬಟ್ಟೆ ಹಾಕಿಕೊಂಡಿರುತ್ತೇನೆ. ಅಂದರೆ ರಾತ್ರಿ ನಡೆಯಲಿಕ್ಕೆ ಬೇಕಾದ ಬಟ್ಟೆ. ಓಡಬೇಕಾಗಿ ಬಂದರೆ ಕಾಲಿಗೆ ಸಿಗದ ಬಟ್ಟೆ, ಸದ್ದು ಮಾಡದ ಚಪ್ಪಲಿ. ಸಂಜೆ ಆರರ ಮೇಲೆ ಫೋನಿನಲ್ಲಿ ಏನೂ ನೋಡುವುದಿಲ್ಲ, ಚಾರ್ಜ್ ಉಳಿಯಬೇಕು. ಪವರ್ ಬ್ಯಾಂಕ್ ಬ್ಯಾಗಿನಲ್ಲಿ ನೀರಿನ ಬಾಟಲಿಗಿಂತ ಕಾಯಂ. ಜೊತೆಗೆ ಕೆಲಸ ಮಾಡುವವರು ಹುಟ್ಟಿದ ಹಬ್ಬಕ್ಕೆ ಊಟಕ್ಕೆ ಕರೆದರೆ ಮೊದಲು ಕೇಳುವುದು ಎಲ್ಲಿ ಅಂತ ಅಲ್ಲ, ಎಷ್ಟು ಹೊತ್ತಿಗೆ ಮುಗಿಯುತ್ತೆ ಅಂತ. ಮೆಟ್ರೊ ಹನ್ನೊಂದರವರೆಗೆ ಓಡುತ್ತದೆ. ನನ್ನ ಮೆಟ್ರೊ ಒಂಬತ್ತೂಕಾಲಿಗೇ ಕೊನೆ.

ಪಿಜಿಯಲ್ಲಿ ಗೇಟ್ ಹತ್ತಕ್ಕೆ ಹಾಕುತ್ತಾರೆ. ಊಟದ ಡಬ್ಬಿ ಒಂಬತ್ತೂವರೆಗೆ ಎತ್ತಿಬಿಡುತ್ತಾರೆ. ಅಡುಗೆಯ ಅಕ್ಕ ನನ್ನ ಪಾಲಿಗೆ ಎರಡು ಚಪಾತಿ, ಒಂದಿಷ್ಟು ಅನ್ನ ಸಾರು ಸ್ಟೀಲ್ ಡಬ್ಬಿಯಲ್ಲಿ ಎತ್ತಿಟ್ಟು ಮೇಲೆ ಪ್ಲೇಟ್ ಮುಚ್ಚಿರುತ್ತಾರೆ. ಚೀಟಿ ಅಂಟಿಸುತ್ತಿದ್ದರು ಮೊದಲು, ಈಗ ಆ ಡಬ್ಬಿ ನನ್ನದೇ ಅಂತ ಎಲ್ಲರಿಗೂ ಗೊತ್ತು. ಮೂರು ಜನರ ರೂಮು. ಒಬ್ಬಳು ಶಿರಸಿಯವಳು, ಒಬ್ಬಳು ಕಲಬುರಗಿಯವಳು. ಯಾರು ಹೊರಗಿದ್ದರೂ ಉಳಿದಿಬ್ಬರಿಗೆ ಫೋನಿನಲ್ಲಿ ಲೊಕೇಶನ್ ಹೋಗುತ್ತಿರುತ್ತದೆ. ಮ್ಯಾಪಿನ ಮೇಲೆ ಆ ಚುಕ್ಕಿ ಟ್ರಾನ್ಸ್‌ಫಾರ್ಮರ್ ಹತ್ತಿರ ಎರಡು ನಿಮಿಷ ನಿಂತರೆ ಫೋನ್ ಬರುತ್ತದೆ. "ಎಲ್ಲಿದ್ದಿ ಮಾರಾಯ್ತಿ?" ಒಂದು ದಿನ ಚಪ್ಪಲಿ ಉಂಗುಷ್ಠ ಕಿತ್ತು ನಿಂತಿದ್ದೆ. ಕಲಬುರಗಿಯವಳು ಇಸ್ತ್ರಿ ಮಾಡುತ್ತಿದ್ದವಳು ನೈಟಿ ಮೇಲೆ ದುಪಟ್ಟಾ ಹಾಕಿಕೊಂಡು ಓಡಿ ಬಂದಿದ್ದಳು.

ಇನ್ನು ಅಮ್ಮ. ಊರಲ್ಲಿ ಅಮ್ಮ ಎಂಟಕ್ಕೆ ಊಟ ಮುಗಿಸಿ ಒಂಬತ್ತಕ್ಕೆ ಮಲಗುವವಳು. ನಾನು ಎರಡನೇ ಪಾಳಿಯಲ್ಲಿದ್ದಾಗ ಎದ್ದಿರುತ್ತಾಳೆ. ಮೆಟ್ರೊ ಮೆಟ್ಟಿಲು ಇಳಿಯುವಾಗ ಫೋನ್ ಹಚ್ಚುತ್ತೇನೆ, ಗೇಟಿನ ಒಳಗೆ ಬಂದ ಮೇಲೆ ಇಡುತ್ತೇನೆ. ದಿನಾ ಹನ್ನೊಂದು ನಿಮಿಷ ಏನು ಮಾತಾಡುವುದು? ಸುಮ್ನೆ ಇದ್ದರೆ ಭಯ ಜಾಸ್ತಿ ಅಂತ ಅಡುಗೆ ಹೇಳಲು ಶುರು ಮಾಡಿದಳು. ಹುರುಳಿಕಾಳು ಬಸಿದ ಕಟ್ಟು ಎಷ್ಟು ಇಟ್ಟುಕೊಳ್ಳಬೇಕು, ಬಸ್ಸಾರಿಗೆ ರುಬ್ಬುವಾಗ ಬೆಂದ ಕಾಳು ಒಂದು ಹಿಡಿ ಯಾಕೆ ಹಾಕಬೇಕು, ಅವರೆಕಾಳು ಎಷ್ಟು ಹೊತ್ತು ನೆನೆದರೆ ಸಿಪ್ಪೆ ಸಲೀಸಾಗಿ ಹಿತುಕಲು ಬರುತ್ತದೆ. ಖಾಲಿ ಸೈಟಿನ ಹತ್ತಿರ ಒಗ್ಗರಣೆ, ಟ್ರಾನ್ಸ್‌ಫಾರ್ಮರ್ ಹತ್ತಿರ ಹುಣಸೆ ಹುಳಿ. ಹೀಗೆ ಎರಡು ವರ್ಷದಲ್ಲಿ ನಮ್ಮ ಮನೆಯ ಅಡುಗೆಯೆಲ್ಲ ಕಲಿತಿದ್ದೇನೆ ಸರ್. ಪಿಜಿಯಲ್ಲಿ ಒಲೆ ಇಲ್ಲ, ಇಂಡಕ್ಷನ್ ಸ್ಟೌವ್ ಇಟ್ಟರೆ 500 ರೂಪಾಯಿ ದಂಡ.

ಅಮ್ಮ ಫೋನ್ ಎತ್ತದ ದಿನವೂ ಮಾತಾಡುತ್ತೇನೆ. ಒಂದು ಸಲ ಚಾರ್ಜ್ ಪೂರ್ತಿ ಹೋಗಿತ್ತು. ಸತ್ತ ಫೋನನ್ನು ಕಿವಿಗಿಟ್ಟುಕೊಂಡು "ಹೂಂ ಅಣ್ಣ, ಇಲ್ಲೇ ತಿರುಗಿದೆ, ನೀನು ಗೇಟ್ ಹತ್ರನೇ ನಿಂತಿರು" ಅಂತ ಜೋರಾಗಿ ಹೇಳಿಕೊಂಡು ಬಂದೆ. ನನಗೆ ಅಣ್ಣ ಇಲ್ಲ.

ದುಡ್ಡಿನ ಲೆಕ್ಕವೂ ಇದೆ. ಸಂಬಳ ಕೈಗೆ 24,000. ಪಿಜಿಗೆ 8,500, ಊರಿಗೆ 6,000. ಮಧ್ಯಾಹ್ನ ಹೋಗುವಾಗ ಬಸ್ಸು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಆಧಾರ್ ತೋರಿಸಿದರೆ ಸಾಕು, ಟಿಕೆಟ್ಟಿಗೆ ದುಡ್ಡಿಲ್ಲ. ಅದರಲ್ಲಿ ಉಳಿದದ್ದು ನಿಜವಾಗಿಯೂ ದೊಡ್ಡ ದುಡ್ಡೇ, ಇಲ್ಲ ಅನ್ನುವುದಿಲ್ಲ. ಯಾರು ಏನೇ ಅಂದರೂ ನನ್ನಂಥವಳಿಗೆ ಅದು ಪುಕ್ಕಟೆ ಅಲ್ಲ, ಒಂದು ಉಸಿರು. ರಾತ್ರಿ ಬಸ್ಸಿಗೆ ಕಾಯುವ ಧೈರ್ಯವಿಲ್ಲ, ಮೆಟ್ರೊ. ಅದರ ದರ 2025ರ ಫೆಬ್ರವರಿಯಲ್ಲಿ ಏರಿತು, ಅತಿ ಹೆಚ್ಚಿನ ದರ 60 ಇದ್ದದ್ದು 90 ಆಯಿತು. ಇರಲಿ. ಇಳಿದ ಮೇಲೆ ದೀಪ ತೀರಾ ಕಮ್ಮಿ ಇದ್ದ ದಿನ, ಮಳೆ ಬಂದ ದಿನ, ಸುಮ್ನೆ ಮನಸ್ಸು ಒಪ್ಪದ ದಿನ ಆಟೊ ಹಿಡಿಯುತ್ತೇನೆ. 2025ರ ಆಗಸ್ಟ್‌ನಿಂದ ಮೊದಲ ಎರಡು ಕಿಲೊಮೀಟರಿಗೆ ಮೀಟರ್ ದರ 36 ರೂಪಾಯಿ. ನಮ್ಮದು ಒಂದು ಕಿಲೊಮೀಟರೂ ಇಲ್ಲ. ಅಷ್ಟಕ್ಕೆ ಯಾರು ಬರುತ್ತಾರೆ? 70 ಕೇಳುತ್ತಾರೆ, 60ಕ್ಕೆ ಒಪ್ಪುತ್ತಾರೆ. ಅವರದ್ದೂ ತಪ್ಪಿಲ್ಲ, ಒಳಗೆ ಬಿಟ್ಟು ಬಂದರೆ ವಾಪಸ್ ಬಾಡಿಗೆ ಸಿಗಲ್ಲ. ಒಬ್ಬ ಮುದುಕಪ್ಪ ಮಾತ್ರ "ಕೂತ್ಕೊಳ್ಳಮ್ಮ, ಆ ಕಡೆನೇ ಹೋಗ್ತಿದ್ದೀನಿ" ಅಂತ 30 ತೊಗೊಳ್ಳುತ್ತಾರೆ. ಅವರು ಆ ಕಡೆ ಹೋಗುವವರಲ್ಲ ಅಂತ ನನಗೂ ಗೊತ್ತು, ಅವರಿಗೂ ಗೊತ್ತು. ಅಂತೂ ತಿಂಗಳಿಗೆ 700 ರೂಪಾಯಿ ಆಟೊಗೆ. ಸರ್ಕಾರ ಬಸ್ಸಿನಲ್ಲಿ ಉಳಿಸಿಕೊಟ್ಟದ್ದನ್ನು ಉರಿಯದ ದೀಪಗಳು ವಾಪಸ್ ತೊಗೊಂಡವು.

ಪಿಜಿ ಬಿಟ್ಟು ಮನೆ ಮಾಡಬಾರದಾ ಅಂತ ಎಲ್ಲರೂ ಕೇಳುತ್ತಾರೆ. ನಾವು ಮೂವರೂ ಸೇರಿ ಹೋದ ವರ್ಷ ನೋಡಿದೆವು. ಹತ್ತು ತಿಂಗಳ ಅಡ್ವಾನ್ಸ್ ಅನ್ನುವುದು ಈ ಊರಿನ ಹಳೇ ಕಾಯಿಲೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಮನೆಗೆ ಎರಡು ತಿಂಗಳಿಗಿಂತ ಜಾಸ್ತಿ ಕೇಳಬಾರದು ಅಂತ ಇದೆಯಂತೆ ಅಂತ ಒಬ್ಬ ಓನರ್ ಆಂಟಿಗೆ ಹೇಳಿದೆ. "ಹಾಗಿದ್ರೆ ಕೇಂದ್ರದವ್ರ ಹತ್ರನೇ ಮನೆ ಕೇಳು" ಅಂದರು. ಆಮೇಲೆ ಮಾಮೂಲು ಪ್ರಶ್ನೆಗಳು. ಯಾವ ಜನ? ವೆಜ್ ತಾನೇ? ಹುಡುಗರು ಬರ್ತಾರಾ? ಮದ್ವೆ ಯಾವಾಗ? ಇವೆಲ್ಲ ನಿಮ್ಮ ಇಲಾಖೆಗೆ ಬರುವುದಿಲ್ಲ, ಬಿಡಿ. ಆದರೆ ಒಂದು ವಿಷಯ ಬರುತ್ತದೆ. ಮುಖ್ಯರಸ್ತೆಯಲ್ಲಿ, ಬೆಳಕಿರುವ ಕಡೆ ನೋಡಿದ ಎರಡು ರೂಮಿನ ಮನೆಗೆ 26,000 ಹೇಳಿದರು. ಅಂಥದ್ದೇ ಮನೆ ನಮ್ಮ ಕ್ರಾಸಿನ ಒಳಗೆ 20,000. ಬ್ರೋಕರ್ ಒಳ್ಳೆಯವನು, ಬಾಯಿ ಬಿಟ್ಟೇ ಹೇಳಿದ, "ಲೇಡೀಸ್ ಎಲ್ಲ ಮೇನ್ ರೋಡೇ ಕೇಳ್ತಾರೆ ಮೇಡಂ, ಅದಕ್ಕೇ ಅಲ್ಲಿ ರೇಟು." ಬೆಳಕಿಗೂ ಬಾಡಿಗೆ ಇದೆ ಅಂತ ಅವತ್ತು ಗೊತ್ತಾಯಿತು.

ಹೀಗೆಲ್ಲ ಬರೆದೆ ಅಂತ ನಾನು ಈ ಊರನ್ನು ದೂರುತ್ತಿದ್ದೇನೆ ಅಂದುಕೊಳ್ಳಬೇಡಿ. ನನಗೆ ಬೆಂಗಳೂರು ಇಷ್ಟ. ಭಾನುವಾರ ಗಾಂಧಿ ಬಜಾರಿಗೆ ಹೋಗಿ ಒಬ್ಬಳೇ ಒಂದು ಟೇಬಲ್ ಹಿಡಿದು ಮಸಾಲೆ ದೋಸೆ ತಿನ್ನುತ್ತೇನೆ. ಎದುರಿಗೆ ಯಾರೋ ಬಂದು ಕೂರುತ್ತಾರೆ, ತಿನ್ನುತ್ತಾರೆ, ಎದ್ದು ಹೋಗುತ್ತಾರೆ. "ಯಾರ ಮಗಳು?" ಅಂತ ಕೇಳುವುದಿಲ್ಲ. ಊರಿನಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಒಂದು ಪ್ಲೇಟ್ ಬೋಂಡ ತಿಂದರೆ ನಾನು ಮನೆ ಮುಟ್ಟುವ ಮೊದಲು ಸುದ್ದಿ ಮುಟ್ಟಿರುತ್ತದೆ. ಯಾರಿಗೂ ಗೊತ್ತಿಲ್ಲದವಳಾಗಿ ಇರುವ ಸುಖ ಏನು ಅಂತ ಗಂಡಸರಿಗೆ ಹೇಳಿದರೆ ಅರ್ಥವಾಗುವುದು ಕಷ್ಟ. ಹಾಗೆ ನೋಡಿದರೆ ನನಗೆ ಕತ್ತಲೆಯ ಭಯವೂ ಇರಲಿಲ್ಲ. ನಮ್ಮ ತೋಟದ ದಾರಿಯಲ್ಲಿ ಕಂಬವೇ ಇಲ್ಲ. ಅಲ್ಲಿ ಕತ್ತಲಲ್ಲಿ ಯಾರಾದರೂ ಕೆಮ್ಮಿದರೆ ಇಂಥವರೇ ಅಂತ ಗೊತ್ತಾಗುತ್ತದೆ. ಇಲ್ಲಿ ಕೆಮ್ಮಿದವರು ಯಾರು ಅಂತ ನೋಡಲು ದೀಪ ಬೇಕು.

ನಿಮ್ಮ ಆಫೀಸಿನಲ್ಲಿ ಒಬ್ಬರು, ಹೆಸರು ಗೊತ್ತಿಲ್ಲ, ಗೊತ್ತಿದ್ದರೂ ಬರೆಯುವುದಿಲ್ಲ, "ಅಷ್ಟೊತ್ತಿಗೆ ಯಾಕಮ್ಮ ಬರ್ತೀಯ, ಬೇಗ ಬರೋ ಕೆಲಸ ನೋಡ್ಕೊ" ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅವರ ಟೇಬಲ್ ಮೇಲೆ ಶುಗರ್ ಮಾತ್ರೆಯ ಸ್ಟ್ರಿಪ್ ಇತ್ತು. ಕೇಳಿದೆ, "ಸರ್, ನೀವು ಬೆಳಿಗ್ಗೆ ಟೆಸ್ಟಿಗೆ ಕೊಟ್ಟರೆ ಸಂಜೆ ವಾಟ್ಸಾಪಿಗೆ ರಿಪೋರ್ಟ್ ಬರುತ್ತಲ್ಲ, ಸಂಜೆ ಕೊಟ್ಟರೆ ಬೆಳಿಗ್ಗೆ ಎದ್ದ ತಕ್ಷಣ ಇರುತ್ತಲ್ಲ, ಅದನ್ನ ಯಾರು ಮಾಡ್ತಾರೆ?" ಬೂದಿ ಬಣ್ಣದ ಮುಚ್ಚಳದ ಟ್ಯೂಬು ಶುಗರಿಗೆ, ನೇರಳೆ ಮುಚ್ಚಳದ್ದು ಮೂರು ತಿಂಗಳ ಸರಾಸರಿ ಶುಗರಿಗೆ. ಸಂಜೆ ಏಳಕ್ಕೆ ಕಲೆಕ್ಷನ್ ಹುಡುಗರು ಬ್ಯಾಗು ತಂದು ಸುರಿಯುತ್ತಾರೆ. ಒಂದೊಂದಕ್ಕೂ ಬಾರ್‌ಕೋಡ್ ನೋಡಿ ಮಿಷನ್ನಿಗೆ ಹಾಕಬೇಕು. ಅವರು ನಕ್ಕರು, ಟೀ ತರಿಸಿದರು. ದೀಪ ಮಾತ್ರ ಉರಿಯಲಿಲ್ಲ.

ಹೆಂಗಸರನ್ನು ರಾತ್ರಿ ಪಾಳಿಗೆ ಹಾಕಿಕೊಂಡರೆ ಮನೆವರೆಗೆ ಬಿಡುವ ವಾಹನ ಕೊಡಬೇಕು ಅನ್ನುವ ಷರತ್ತು ಇದೆ. ಒಳ್ಳೆಯದು. ನನ್ನದು ಕಾಗದದ ಮೇಲೆ ರಾತ್ರಿ ಪಾಳಿ ಅಲ್ಲ, ಎರಡನೇ ಪಾಳಿ. ಬಟ್ಟೆ ಅಂಗಡಿಯ ಸೇಲ್ಸ್ ಹುಡುಗಿಯರು, ಬ್ಯೂಟಿ ಪಾರ್ಲರಿನವರು, ಸೂಪರ್ ಮಾರ್ಕೆಟ್ಟಿನ ಬಿಲ್ಲಿಂಗ್ ಕೌಂಟರಿನವರು, ಟ್ಯೂಷನ್ ಹೇಳಿ ಬರುವವರು, ಎಲ್ಲ ಇದೇ ಹೊತ್ತಿಗೆ ಇಳಿಯುತ್ತಾರೆ. ಅವರಿಗೆ ಕ್ಯಾಬ್ ಇಲ್ಲ. ನೀವು ಯಾವತ್ತಾದರೂ ಒಂಬತ್ತೂವರೆಗೆ ಸ್ಟೇಷನ್ ಗೇಟ್ ಹತ್ತಿರ ನಿಂತು ನೋಡಿ. ಕಾರ್ಡ್ ಮುಟ್ಟಿಸಿ ಹೊರಗೆ ಬಂದ ತಕ್ಷಣ ಎಲ್ಲರೂ ಮೊದಲು ಫೋನ್ ತೆಗೆಯುತ್ತಾರೆ. ಒಂದೊಂದು ಕಿವಿಯಲ್ಲೂ ಒಬ್ಬೊಬ್ಬ ಅಮ್ಮ.

ಈಗ ದೀಪದ ಕಥೆ. ಮೊದಲ ಸಲ ಸಹಾಯವಾಣಿಗೆ ಹೇಳಿದೆ. ಮೂರನೇ ದಿನ ಮೆಸೇಜ್ ಬಂತು, ದೂರು ಪರಿಹರಿಸಲಾಗಿದೆ ಅಂತ. ಅವತ್ತು ರಾತ್ರಿ ಕ್ಯಾಲೆಂಡರಿನಲ್ಲಿ 4. ಎರಡನೇ ಸಲ ಏಣಿ ಇಟ್ಟುಕೊಂಡ ಗಾಡಿ ನಿಜವಾಗಿಯೂ ಬಂತಂತೆ, ಎರಡು ದೀಪ ಹೊಸದಾಗಿ ಬಂದವು, ಒಂಬತ್ತು ದಿನ ಉರಿದವು. ಮೂರನೇ ಸಲ ಆಫೀಸಿಗೇ ಬಂದೆ. ಕಂಬ ಕರೆಂಟ್ ಕಂಪನಿಯದ್ದು, ದೀಪ ಮಾತ್ರ ನಮ್ಮದು ಅಂದರು. ಲೈನ್‌ಮ್ಯಾನ್ ಸಿಕ್ಕಾಗ ಅವರನ್ನೂ ಕೇಳಿದೆ. "ದೀಪ ನಮ್ದಲ್ಲಮ್ಮ, ಕಂಬ ಮಾತ್ರ ನಮ್ದು" ಅಂದರು. ಇಬ್ಬರೂ ನಿಜವನ್ನೇ ಹೇಳಿದ್ದಾರೆ ಅನ್ನುವುದು ಇದರಲ್ಲಿ ತಮಾಷೆ. ಆಮೇಲೆ 2025ರ ಸೆಪ್ಟೆಂಬರಿನಲ್ಲಿ ಊರಿಗೆ ಒಂದೇ ಇದ್ದ ಪಾಲಿಕೆ ಐದಾಯಿತು. ಹೊಸ ಬೋರ್ಡು ಬರುತ್ತದೆ, ಸ್ವಲ್ಪ ತಡೆಯಿರಿ ಅಂದರು. ಬೋರ್ಡು ಬಂತು. ಅದರ ಮೇಲೆ ಒಂದು ಒಳ್ಳೇ ದೀಪವೂ ಇದೆ.

ನಾನು ಕಂಡ ಹಾಗೆ ತೊಂದರೆ ಮೂರು ನಮೂನೆಯದು. ಕೆಲವು ಕಂಬದ ದೀಪ ಸತ್ತೇ ಹೋಗಿದೆ. ಟ್ರಾನ್ಸ್‌ಫಾರ್ಮರ್ ಆಚೆಯ ಮೂರು ದೀಪಗಳು ಬೆಳಿಗ್ಗೆ ಹತ್ತಕ್ಕೆ ಉರಿಯುತ್ತವೆ, ರಾತ್ರಿ ಆರಿರುತ್ತವೆ. ಅದು ದೀಪದ ದೋಷ ಅಲ್ಲ, ಟೈಮರ್ ಕೆಟ್ಟಿರಬೇಕು, ಯಾರಾದರೂ ಡಬ್ಬಿ ತೆಗೆದು ನೋಡಬೇಕು ಅಷ್ಟೇ. ಇನ್ನುಳಿದವು ಉರಿಯುತ್ತವೆ, ಆದರೆ ಹೊಂಗೆ ಮರದ ತಲೆಯ ಮೇಲೆ. ಬೆಳಕೆಲ್ಲ ಎಲೆಗೆ. ಮರದ ಕೆಳಗೆ ನಡೆಯುವವರಿಗೆ ಇನ್ನೂ ಕಪ್ಪು. ದಯವಿಟ್ಟು ಇದನ್ನು ಓದಿ ಮರ ಕಡಿಸಬೇಡಿ! ಮಧ್ಯಾಹ್ನ ಅದೇ ಮರದ ನೆರಳಲ್ಲಿ ನಡೆದು ಹೋಗುತ್ತೇನೆ, ಏಪ್ರಿಲಿನಲ್ಲಿ ಹೂ ಉದುರಿ ರಸ್ತೆಯೆಲ್ಲ ಅವಲಕ್ಕಿ ಚೆಲ್ಲಿದ ಹಾಗಿರುತ್ತದೆ. ದೀಪವನ್ನು ಮರಕ್ಕಿಂತ ಕೆಳಗೆ, ನಡೆಯುವವರ ಕಡೆಗೆ ಒಂದು ಚಿಕ್ಕ ತೋಳು ಕೊಟ್ಟು ಹಾಕಿಸಿ. ಕಾರಿಗೆ ಅದರದ್ದೇ ದೀಪ ಇರುತ್ತದೆ. ನಡೆಯುವವಳಿಗೆ ಇರುವುದು ನಿಮ್ಮದೊಂದೇ.

ಇನ್ನೊಂದು ಮಾತು ನಿಮಗೆ ಇಷ್ಟವಾಗಲಿಕ್ಕಿಲ್ಲ. ಮೊದಲು ಖಾಲಿ ಸೈಟಿನ ಎದುರು ಒಂದು ಬಜ್ಜಿ ಗಾಡಿ ನಿಲ್ಲುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಇರುತ್ತಿದ್ದರು. ಬ್ಯಾಟರಿಗೆ ಸಿಕ್ಕಿಸಿದ ಒಂದು ಬಿಳಿ ಬಲ್ಬು, ಬಾಣಲೆಯ ಸದ್ದು, ನಿಂತು ತಿನ್ನುವ ನಾಲ್ಕು ಜನ. ಅಕ್ಕ ನನ್ನನ್ನು ನೋಡಿ "ಇವತ್ತು ಲೇಟಾಯ್ತಾ?" ಅನ್ನುತ್ತಿದ್ದರು. ಆ ಹನ್ನೊಂದು ನಿಮಿಷದಲ್ಲಿ ಅವರ ಗಾಡಿಯವರೆಗೆ ಐದು ನಿಮಿಷ ಇದ್ದ ಭಯ ಗಾಡಿ ದಾಟಿದ ಮೇಲೂ ಸ್ವಲ್ಪ ದೂರ ಇರುತ್ತಿರಲಿಲ್ಲ, ಕೂಗಿದರೆ ಕೇಳಿಸುತ್ತಲ್ಲ. ಹೋದ ಮಳೆಗಾಲದಲ್ಲಿ ಪಾದಚಾರಿಗಳಿಗೆ ತೊಂದರೆ ಅಂತ ಗಾಡಿ ಎತ್ತಿಸಿದರು. ಆ ಪಾದಚಾರಿ ನಾನೇ. ನನಗೆ ಆ ಗಾಡಿಯಿಂದ ತೊಂದರೆ ಇರಲಿಲ್ಲ. ಬೀದಿ ವ್ಯಾಪಾರಿಗಳಿಗೆ ಜಾಗ ಗುರುತಿಸಿ ಕೊಡಬೇಕು ಅಂತ 2014ರ ಕಾಯ್ದೆಯೇ ಇದೆ. ನಮ್ಮ ತಿರುವಿನಲ್ಲಿ ಎರಡು ಗಾಡಿಗೆ ಜಾಗ ಕೊಡಿ. ನಾಲ್ಕು ಕ್ಯಾಮೆರಾ ಹಾಕಿಸುವುದಕ್ಕಿಂತ ನನಗೆ ಆ ಅಕ್ಕನ ಬಲ್ಬೇ ವಾಸಿ. ಕ್ಯಾಮೆರಾ ಆಮೇಲೆ ನೋಡಲಿಕ್ಕೆ ಇರುವುದು. ಅಕ್ಕ ಆಗಲೇ ನೋಡುತ್ತಿದ್ದರು.

ಇದು ಆಗದ ಕೆಲಸವೇನಲ್ಲ. ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ಟೆಂಡರ್ ಶ್ಯೂರ್ ಅನ್ನುವ ರಸ್ತೆ ಯೋಜನೆಯಲ್ಲಿ ಮಾಡಿದ ಫುಟ್‌ಪಾತ್ ಮೇಲೆ ನಡೆದಿದ್ದೇನೆ. ಅಗಲಕ್ಕೆ, ಸಮಕ್ಕೆ, ಒಂದು ಚಪ್ಪಡಿಯೂ 'ಟಕ್' ಅನ್ನುವುದಿಲ್ಲ. ಅಷ್ಟು ದುಡ್ಡು ನಮ್ಮ ಕ್ರಾಸಿಗೆ ಸುರಿಯಿರಿ ಅಂತ ನಾನು ಕೇಳುತ್ತಿಲ್ಲ. ಶಾಲೆಯಲ್ಲಿ ಕ್ವಿಜ್‌ಗೆ ಓದಿಕೊಂಡಿದ್ದೆ, ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿ ದೀಪಕ್ಕೆ ಬಂತು ಅಂತ. ಆ ಉತ್ತರಕ್ಕೆ ನನಗೆ ಒಂದು ಸ್ಟೀಲ್ ಲೋಟ ಬಹುಮಾನ ಬಂದಿತ್ತು. ಆ ದೀಪ ಮೊದಲು ಉರಿದ ಕೆ.ಆರ್. ಮಾರ್ಕೆಟ್ ಕಡೆಯಿಂದ ನಮ್ಮ ಸ್ಟೇಷನ್ನಿಗೆ ಮೆಟ್ರೊದಲ್ಲಿ ಅರ್ಧ ಗಂಟೆಯೂ ಇಲ್ಲ. ಮೆಟ್ರೊ ನಮ್ಮ ಕಡೆಗೆ 2021ರ ಜನವರಿಯಲ್ಲೇ ಬಂದುಬಿಟ್ಟಿತು, ಯಲಚೇನಹಳ್ಳಿ ದಾಟಿ ರೇಷ್ಮೆ ಸಂಸ್ಥೆಯವರೆಗೆ. ಸ್ಟೇಷನ್ ಬಂತು, ಅಪಾರ್ಟ್‌ಮೆಂಟ್ ಬಂದವು, ಪಿಜಿಗಳು ಬಂದವು, ನಾವೂ ಬಂದೆವು. 120 ವರ್ಷದ ಹಿಂದೆ ಹೊರಟ ದೀಪ ಮಾತ್ರ ಇನ್ನೂ ದಾರಿಯಲ್ಲಿದೆ.

ನನ್ನ ಕೋರಿಕೆ ಇಷ್ಟು. ಒಂದು ದಿನ ನನ್ನ ಜೊತೆ ಸ್ಟೇಷನ್ನಿನಿಂದ ಗೇಟಿನವರೆಗೆ ನಡೆದು ಬನ್ನಿ. ಹಗಲಲ್ಲಿ ಬೇಡ. ಜೀಪಿನಲ್ಲೂ ಬೇಡ, ಅದರ ಹೆಡ್‌ಲೈಟ್ ಬೆಳಕಿನಲ್ಲಿ ನಮ್ಮ ರಸ್ತೆ ಚೆನ್ನಾಗೇ ಕಾಣುತ್ತದೆ. ಮನೆಯವರನ್ನೂ ಕರೆದುಕೊಂಡು ಬನ್ನಿ, ಮಗಳಿದ್ದರೆ ಮಗಳನ್ನೂ. ನನ್ನ ಎರಡನೇ ಪಾಳಿ ಯಾವ ವಾರ, ಎಷ್ಟು ಗಂಟೆಯ ರೈಲು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ನಾಳೆ ನಿಮ್ಮ ಆಫೀಸಿಗೆ ಕೊಡುವ ನಾಲ್ಕನೇ ಅರ್ಜಿಯ ಹಿಂದೆ ಬರೆದಿದ್ದೇನೆ. ಎಳನೀರು ಗಾಡಿಯ ಪಕ್ಕ ನಿಂತಿರುತ್ತೇನೆ. ಹದಿನಾಲ್ಕು ಕಂಬ ನೀವೇ ಎಣಿಸಿ. ಅಲ್ಲಾಡುವ ಚಪ್ಪಡಿ ಎಲ್ಲಿದೆ ಅಂತ ನಾನು ಹೇಳುತ್ತೇನೆ, ಹೊಸಬರಿಗೆ ಕತ್ತಲಲ್ಲಿ ಗೊತ್ತಾಗುವುದಿಲ್ಲ.

ನೀವು ಬರುವ ದಿನ ಮೊದಲೇ ತಿಳಿಸಿ. ಅವತ್ತೊಂದು ದಿನ ಅಮ್ಮನಿಗೆ ಬೇಗ ಮಲಗಲು ಹೇಳುತ್ತೇನೆ.

ಇಂತಿ,
ನಿಮ್ಮ ವಾರ್ಡಿನ ಒಬ್ಬ ಪಿಜಿ ಹುಡುಗಿ